ಅಂಪೈರ್ ಎತ್ತದ ಕೈ

“ಅಜ್ಜಾರೆ, ನಾಳೆ ಮಠದ ಭಜನಾ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕೂರಿಸಿದ್ದೀರಿ. ಹೆಸರಾಂತ ಗವಾಯಿಗಳು ಹಾಡುತ್ತಾರೆ. ಅಂಥವರ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಸರಿ ಎಂದುಬಿಡುವುದೇ ಮರ್ಯಾದೆಯಲ್ಲವೇ?” ಎಂದು ಶಿಷ್ಯ ರುದ್ರಮುನಿ ಕೇಳಿದ.

“ಸರಿ ಎಂದರೆ ನಿನ್ನ ಗಂಟೇನೂ ಹೋಗುವುದಿಲ್ಲ. ಹೋದರೆ ಅವರದು ಹೋಗುತ್ತದೆ,” ಎಂದರು ಅಜ್ಜನವರು. “ಕೂತುಕೋ, ಬೇಸ್‌ಬಾಲ್ ಆಡುವ ಊರಿನ ಕತೆ ಹೇಳುತ್ತೇನೆ. ಮಠದ ಅಜ್ಜನಿಗೆ ಬೇಸ್‌ಬಾಲ್ ಯಾಕೆ ಎಂದು ಮುಖ ನೋಡಬೇಡ.

ಆ ಆಟದಲ್ಲಿ ಒಬ್ಬ ಚೆಂಡು ಎಸೆಯುತ್ತಾನೆ, ಒಬ್ಬ ದಾಂಡು ಹಿಡಿದು ನಿಲ್ಲುತ್ತಾನೆ. ಅವನ ಹಿಂದೆ ಚೆಂಡು ಹಿಡಿಯುವವನು ಕೈಗವಸು ಚಾಚಿ ಕುಕ್ಕರಗಾಲಲ್ಲಿ ಕೂರುತ್ತಾನೆ. ಎಲ್ಲರ ಹಿಂದೆ ಅಂಪೈರ್. ನೆಲದಲ್ಲೊಂದು ಬಿಳಿ ಹಲಗೆ. ಚೆಂಡು ಆ ಹಲಗೆಯ ಮೇಲೆ, ದಾಂಡಿಗನ ಮೊಣಕಾಲಿಗೂ ಎದೆಗೂ ನಡುವೆ ಹಾದುಹೋದರೆ ಎಸೆತ ಸರಿ ಎಂದು ಅಂಪೈರ್ ಕೈ ಎತ್ತಬೇಕು. ಗಾಳಿಯಲ್ಲಿ ಗೆರೆ ಎಳೆಯಲು ಬರುತ್ತದೆಯೇ? ಎಲ್ಲ ಅವನ ಕಣ್ಣಿನ ಮೇಲೆ.

ಅಲ್ಲೊಬ್ಬ ನುರಿತ ಎಸೆಗಾರನಿದ್ದ. ಕೈಗವಸು ಎಲ್ಲಿದ್ದರೆ ಅವನ ಚೆಂಡು ಅಲ್ಲಿಗೇ. ಬರುಬರುತ್ತಾ ಅಂಪೈರುಗಳು ಹಲಗೆ ನೋಡುವುದನ್ನು ಬಿಟ್ಟು ಕೈಗವಸನ್ನೇ ನೋಡತೊಡಗಿದರು. ಅದು ಅಲ್ಲಾಡದಿದ್ದರೆ ಸಾಕು, ಕೈ ಎತ್ತುವರು.

ಒಂದು ವರ್ಷ ಎಸೆಗಾರನ ಭುಜ ನೋಯತೊಡಗಿತು. ಗುರಿ ತಪ್ಪುತ್ತಿದೆಯೇನೋ ಎಂಬ ಭಯ ಹತ್ತಿತು. ತಪ್ಪುತ್ತಿದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು, ತಡವಾದರೆ ಕೈಯೇ ಹೋಗುತ್ತದೆ. ಅಷ್ಟು ದೂರದಿಂದ ಅವನಿಗೆ ತಿಳಿಯುವುದು ಹೇಗೆ? ಪ್ರತಿ ಸಲವೂ ಅಂಪೈರನ ಕೈ ನೋಡುತ್ತಿದ್ದ. ಅದು ಏಳುತ್ತಲೇ ಇತ್ತು. ನಿಜಕ್ಕೂ ಚೆಂಡು ಹಲಗೆಯಾಚೆ ಹೋಗುತ್ತಿತ್ತು, ಹಿಡಿಯುವವನು ಪ್ರೀತಿಯಿಂದ ಕೈಗವಸನ್ನು ಮೊದಲೇ ಅಲ್ಲಿಗೆ ಒಯ್ದಿಡುತ್ತಿದ್ದ. ಆ ಪ್ರೀತಿಗಿಷ್ಟು ಬೆಂಕಿ ಹಾಕ. ಎಸೆಗಾರ ನೋವು ನುಂಗಿಕೊಂಡು ಎಸೆಯುತ್ತಲೇ ಹೋದ.

ಒಂದು ಪಂದ್ಯಕ್ಕೆ ಹೊಸ ಅಂಪೈರ್ ಬಂದ. ಅವನು ಹಲಗೆ ನೋಡಿದ. ಕೈ ಎತ್ತಲಿಲ್ಲ. ಮತ್ತೆ ಎಸೆದಾಗಲೂ ಎತ್ತಲಿಲ್ಲ. ‘ಯಾರ ಚೆಂಡೆಂದು ಗೊತ್ತೇನೋ ನಿನಗೆ?’ ಎಂದು ಜನ ಬೈದರು. ಎಸೆಗಾರನ ತಂಡ ಸೋತಿತು.

ಆಟ ಮುಗಿದ ಮೇಲೆ ಎಸೆಗಾರ ನೇರವಾಗಿ ಅಂಪೈರನ ಬಳಿಗೆ ಬಂದ. ಅಂಪೈರ್ ಹೆದರಿ ಕೈಮುಗಿದ. ‘ನಿಮ್ಮ ಮೇಲೆ ಅಗೌರವವಿಲ್ಲ, ಯಜಮಾನರೇ. ಚೆಂಡು ನಾಲ್ಕು ಬೆರಳು ಆಚೆ ಹೋಗುತ್ತಿತ್ತು.’

ಎಸೆಗಾರ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಕಣ್ಣಲ್ಲಿ ನೀರು, ಮುಖದಲ್ಲಿ ನಗು. ‘ಬದುಕಿಸಿದೆ ಮಾರಾಯ. ಇದನ್ನು ಯಾರಾದರೂ ಹೇಳಲಿ ಎಂದು ಕಾದೂ ಕಾದೂ ಸಾಕಾಗಿತ್ತು,’ ಎಂದ.

ಮರುದಿನವೇ ವೈದ್ಯರ ಬಳಿಗೆ ಹೋದ. ಇನ್ನಷ್ಟು ದಿನ ಎಸೆದಿದ್ದರೆ ಈ ಭುಜ ಕೆಲಸಕ್ಕೆ ಬರುತ್ತಿರಲಿಲ್ಲ, ಈಗ ಬಂದಿದ್ದೀಯ, ವಾಸಿಯಾಗುತ್ತದೆ ಎಂದರು ಅವರು. ವಾಸಿಯೂ ಆಯಿತು. ಮತ್ತೆ ಎಸೆದ, ಹಲಗೆಯ ಮೇಲೆಯೇ ಎಸೆದ.”

ರುದ್ರಮುನಿಗೆ ಎದೆಯ ಭಾರ ಇಳಿದಂತಾಯಿತು. “ಈಗ ಧೈರ್ಯ ಬಂತು, ಅಜ್ಜಾರೆ. ನಾಳೆ ಹಾಡುವವರು ಯಾರೇ ಇರಲಿ, ಕಿವಿಗೆ ಕೇಳಿಸಿದ್ದನ್ನೇ ಹೇಳುತ್ತೇನೆ,” ಎಂದ.

“ಹಾಗಾದರೆ ಇವತ್ತು ಬೆಳಗಿನ ಪಾಠದಲ್ಲಿ ನಾನು ತಪ್ಪು ಅರ್ಥ ಹೇಳಿದಾಗ ಯಾಕೆ ತಲೆದೂಗಿದೆ, ತಮ್ಮಾ?”