ಬೆರಳು ಎತ್ತುವ ಹೊತ್ತು

ಹೊಳೆದಂಡೆಯ ಆಶ್ರಮದಲ್ಲಿ ಅಡವೆಪ್ಪಜ್ಜ ಊರ ಮಕ್ಕಳಿಗೆ ಚದುರಂಗ ಕಲಿಸುತ್ತಿದ್ದ. ಆಶ್ರಮವೆಂದರೆ ದೊಡ್ಡದೇನಲ್ಲ. ಎರಡು ಗುಡಿಸಲು, ಒಂದು ಬೇವಿನ ಮರ, ಮರದ ಕೆಳಗೆ ಸಗಣಿ ಸಾರಿಸಿದ ಅಂಗಳ.

ಮಂತ್ರ ಕಲಿಸುವುದು ಬಿಟ್ಟು ಇದೇನು ಆಟ ಎಂದು ಯಾರಾದರೂ ಕೇಳಿದರೆ, "ಮೊದಲ ಒಂದ ಕಡೆ ಕೂಡಾಕ ಕಲೀಲಿ" ಎನ್ನುತ್ತಿದ್ದ.

ಚನ್ನವೀರ ಅಜ್ಜನ ಶಿಷ್ಯ. ಒಂಬತ್ತು ವರ್ಷದಿಂದ ಜೊತೆಗಿದ್ದ. ಚದುರಂಗದಲ್ಲಿ ಸುತ್ತ ಹತ್ತೂರಲ್ಲಿ ಅವನ ಸಮ ಯಾರೂ ಇಲ್ಲ ಎಂದು ಜನ ಹೇಳುತ್ತಿದ್ದರು. ನಿಜವೋ ಸುಳ್ಳೋ ನೋಡುವ ಭಾಗ್ಯ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಅವನು ಯಾರ ಎದುರಿಗೂ ಕೂತು ಆಡುತ್ತಿರಲಿಲ್ಲ. ಆಡುವವರ ಹಿಂದೆ ನಿಂತು ತಪ್ಪು ತೋರಿಸುತ್ತಿದ್ದ, ಅಷ್ಟೇ.

ಅದಕ್ಕೊಂದು ಕಾರಣವಿತ್ತು.

ಚಿಕ್ಕಂದಿನಲ್ಲಿ ಅವನಿಗೆ ಆಟ ಕಲಿಸಿದವನು ಅವನ ಅಪ್ಪ. ಅಪ್ಪ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮಗ ಸೋತರೆ ಮೂರು ದಿನ ಮಾತು ಬಿಡುತ್ತಿದ್ದ. ಮನೆಮಂದಿಯೊಡನೆಲ್ಲ ನಕ್ಕು ಮಾತಾಡಿ, ಮಗನನ್ನು ಮಾತ್ರ ಗೋಡೆ ನೋಡಿದಂತೆ ನೋಡುತ್ತಿದ್ದ. ಅಪ್ಪ ತೀರಿಕೊಂಡು ಐದು ವರ್ಷವಾಗಿತ್ತು. ಆದರೂ ಕಾಯಿಯ ಮೇಲೆ ಬೆರಳಿಟ್ಟರೆ ಸಾಕು, ಚನ್ನವೀರನಿಗೆ ಆ ಮೂರು ದಿನಗಳು ಎದುರಿಗೆ ಬಂದು ನಿಲ್ಲುತ್ತಿದ್ದವು.

ಒಂದು ಬೆಳಗ್ಗೆ ಅಜ್ಜ ಅವನನ್ನು ಕರೆದ.

"ಇವತ್ತಿಂದ ಸಣ್ಣ ಹುಡುಗ್ರನ್ನ ನೀ ನೋಡ್ಕೊ."

ಕೈಯಲ್ಲೊಂದು ಗಂಟು ಕೊಟ್ಟ. ಚನ್ನವೀರ ಬಿಚ್ಚಿದ. ಕೌದಿಯಂತೆ ಚಿಂದಿ ಕೂಡಿಸಿ ಹೊಲಿದ ಐದು ಚದುರಂಗದ ಹಾಸುಗಳು. ಸುಟ್ಟ ಮಣ್ಣಿನ ಕೆಂಪು ಕಾಲಾಳು, ಕರಿ ಕಾಲಾಳು.

"ರಾಜ ಎಲ್ಲಿ, ಅಜ್ಜ?"

"ಇಲ್ಲ."

"ಆನಿ, ಕುದರಿ?"

"ಅವೂ ಇಲ್ಲ. ಬರೇ ಕಾಲಾಳು. ಈ ಕಡೆ ಎಂಟು, ಆ ಕಡೆ ಎಂಟು. ಒಂದೊಂದ ಮನಿ ಮುಂದ ನಡೀಬೇಕು. ಎದುರಿನ ಕಾಯಿ ಓರೆಗೆ ಸಿಕ್ರ ಹೊಡೀಬೇಕು. ಯಾರ ಕಾಲಾಳು ಮೊದಲ ಆಚಿ ದಂಡಿ ಮುಟ್ಟತೈತೋ ಅವರು ಗೆದ್ರು."

"ಇಷ್ಟನಾ?"

"ಇಷ್ಟ. ನೀ ಒಂದ ಆಟ ಆಡಿ ನೋಡ್ತಿಯೇನು?"

"ಇದರಾಗ ಆಡಿ ನೋಡೂದೇನೈತಿ, ಅಜ್ಜ?"

ಆನೆ ಕುದುರೆಗಳ ನಡೆಯನ್ನೇ ಅರೆದು ಕುಡಿದವನಿಗೆ ಕಾಲಾಳು ಯಾವ ಲೆಕ್ಕ! ಅಜ್ಜ ಒತ್ತಾಯ ಮಾಡಲಿಲ್ಲ. ಹೊಳೆಯ ಕಡೆ ಹೊರಟುಹೋದ.

ಹತ್ತು ಮಕ್ಕಳು, ಐದು ಹಾಸು. ಚನ್ನವೀರ ಆಟ ಹೇಳಿಕೊಟ್ಟ. ಜೊತೆಗೆ ಅಂಗಳದ ಹಳೆಯ ಕಟ್ಟಳೆಯನ್ನೂ ಹೇಳಿದ. ಕಾಯಿ ಸರಿಸಿದ ಮೇಲೂ ಅದರ ಮೇಲೆ ಬೆರಳು ಇರುವ ತನಕ ನಡೆ ಮುಗಿದಿಲ್ಲ, ತಿದ್ದಿಕೊಳ್ಳಬಹುದು. ಬೆರಳು ಎತ್ತಿದರೆ ಮುಗಿಯಿತು.

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು" ಎಂದ. "ಕಾಲಾಳೂ ಹಂಗ. ಅದು ಹಿಂದ ಬರಂಗಿಲ್ಲ. ನೋಡಿ ಇಡ್ರಿ."

ಮಕ್ಕಳು ನೋಡಿ ಇಡತೊಡಗಿದರು.

ಮೊದಲ ದಿನ ಗಲಾಟೆಯಿತ್ತು. ಮೂರನೆಯ ದಿನಕ್ಕೆ ಪಿಸುಮಾತಾಯಿತು. ವಾರ ಕಳೆಯುವಷ್ಟರಲ್ಲಿ ಬೇವಿನ ಮರದ ಕೆಳಗೆ ಒಣಗಿದ ಎಲೆ ಬಿದ್ದರೂ ಕೇಳುತ್ತಿತ್ತು. ಸದ್ದಿಲ್ಲದ ಕಡೆ ವಿದ್ಯೆ ಇದೆ ಎಂದು ನಂಬಿದವರಲ್ಲಿ ಚನ್ನವೀರನೂ ಒಬ್ಬ. ಅವನಿಗೆ ಒಳಗೊಳಗೇ ಹಿಗ್ಗಾಯಿತು.

ಒಂದು ದಿನ ಅಜ್ಜ ಹೊಳೆಯಲ್ಲಿ ಮಿಂದು ಬಂದವನು ಅಂಗಳದ ಅಂಚಿಗೆ ನಿಂತ.

"ಯಾಕ ಇಷ್ಟ ಸುಮ್ಮ ಅದಾವು?"

"ಒಬ್ರೂ ತಪ್ಪು ಮಾಡವಲ್ರು, ಅಜ್ಜ."

ಅಜ್ಜ ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದ. ಐದು ಹಾಸಿನ ಮೇಲೆ ಐದು ಬೆರಳು ಐದು ಕಾಲಾಳುಗಳ ತಲೆಯ ಮೇಲಿದ್ದವು. ಬೇವಿನ ನೆರಳು ಒಂದು ಮೊಳ ಸರಿಯಿತು. ಒಂದು ಬೆರಳೂ ಮೇಲೇಳಲಿಲ್ಲ.

ಕೊನೆಯ ಹಾಸಿನಲ್ಲಿ ಕಾಶವ್ವ ಎಂಬ ಏಳು ವರ್ಷದ ಹುಡುಗಿ ಕೂತಿದ್ದಳು. ಅವಳ ಕೆಳಗೆ ಸಗಣಿನೆಲ ಸಣ್ಣಗೆ ಕಪ್ಪಾಯಿತು. ಆಮೇಲೆ ಆ ಕಪ್ಪು ದೊಡ್ಡದಾಯಿತು. ಹುಡುಗಿ ಏಳಲಿಲ್ಲ, ಅಳಲಿಲ್ಲ. ಬೆರಳು ಕಾಲಾಳಿನ ಮೇಲೇ ಇತ್ತು.

ಅಜ್ಜ ಹತ್ತಿರ ಹೋಗಿ, "ಏಳವಾ, ಮನೀಗೆ ಹೋಗಿ ಲಂಗ ಬದಲಿ ಮಾಡ್ಕೊಂಡ ಬಾ" ಎಂದ.

"ಬೆರಳು ಎತ್ತಿದ್ರ ಹೋತಲ್ಲ, ಅಜ್ಜ" ಎಂದಳು ಕಾಶವ್ವ. ದನಿ ಕೇಳಿಸುವಂತಿರಲಿಲ್ಲ.

ಅಜ್ಜ ತನ್ನ ಬೆರಳನ್ನು ಅವಳ ಬೆರಳಿನ ಪಕ್ಕ ಅದೇ ಕಾಲಾಳಿನ ಮೇಲಿಟ್ಟ. "ನಾ ಹಿಡಕೊಂಡಿರ್ತೀನಿ. ನೀ ಹೋಗಿ ಬಾ."

ಹುಡುಗಿ ಎದ್ದಳು, ಓಡಿದಳು.

ಊಟದ ಹೊತ್ತಾಯಿತು. ಉಳಿದ ಮಕ್ಕಳು ಮನೆಗೆ ಹೋದರು. ಅಜ್ಜ ಬೆರಳು ತೆಗೆಯದೆ ಕೂತೇ ಇದ್ದ. ಹೊತ್ತು ಇಳಿಯಿತು. ಕಾಶವ್ವ ಬರಲಿಲ್ಲ.

"ನಾನೇನೂ ಅಂಜಿಸಿಲ್ಲ, ಅಜ್ಜ" ಎಂದ ಚನ್ನವೀರ. ಅಜ್ಜ ಕೇಳದಿದ್ದರೂ ಹೇಳಿದ. "ನೋಡಿ ಇಡ್ರಿ ಅಂದೆ. ಅಷ್ಟ."

"ಬಾಯಿಲೆ ಅಂದದ್ದು ಅಷ್ಟ" ಎಂದ ಅಜ್ಜ. "ನಾಳೆ ಹುಡುಗ್ರ ಕೈ ನೋಡು."

ಮರುದಿನ ಒಂಬತ್ತೇ ಮಕ್ಕಳು ಬಂದರು. ಚನ್ನವೀರ ಆಟ ನೋಡುವುದು ಬಿಟ್ಟು ಕೈ ನೋಡಿದ.

ಪಾಳಿ ಬಂದವರ ಕೈಯೆಲ್ಲ ಒಂದೇ ಥರ. ತೋರುಬೆರಳು ಕಾಲಾಳನ್ನು ಉಗುರು ಬೆಳ್ಳಗಾಗುವಷ್ಟು ಒತ್ತಿತ್ತು. ಉಳಿದ ಬೆರಳು ಮಡಚಿ, ಹೆಬ್ಬೆರಳು ಮುಷ್ಟಿಯೊಳಗೆ ಅಡಗಿತ್ತು. ಅವನು ಅದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಆಟ ತೋರಿಸುವಾಗ ತನ್ನ ಕೈ ಹಾಗಿರುತ್ತದೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಈಗ ತನ್ನ ಕೈ ನೋಡಿಕೊಂಡ. ಹೆಬ್ಬೆರಳು ಒಳಗಿತ್ತು.

ಅಪ್ಪನ ಎದುರು ಕೂತ ಹುಡುಗನೇ ಒಂಬತ್ತು ಕಡೆ ಕೂತಂತೆ ಕಂಡಿತು.

ಅಷ್ಟರಲ್ಲಿ ಕಾಶವ್ವನ ಅಜ್ಜಿ ಫಕೀರವ್ವ ಬಂದಳು. ಬಂದವಳು ಕೂಡಲಿಲ್ಲ.

"ಆಟ ಕಲಸ್ರಿ ಅಂದ್ರ ಏನ್ ಕಲಿಸೀರಿ ನನ್ನ ಮೊಮ್ಮಗಳಿಗೆ? ನಿನ್ನೆಯಿಂದ ಹೊಸ್ತಿಲ ಹತ್ರ ನಿಂತೈತಿ. ಹೊರಗ ಬರವಲ್ದು. ರೊಟ್ಟಿ ಕೊಟ್ರ ಮುರೀವಲ್ದು. 'ಆಯಿ, ಒಮ್ಮೆ ಹೊರಗ ಕಾಲಿಟ್ರ ತಿರುಗಿ ಒಳಗ ಬರಾಕ ಬರ್ತೈತೇನು' ಅಂತ ಕೇಳ್ತೈತಿ. ಏನ್ ಹೇಳ್ಲಿ ನಾನು?"

ಚನ್ನವೀರ ಅಜ್ಜನ ಕಡೆ ತಿರುಗಿದ.

"ಅಜ್ಜ, ನೀವು ಹೋಗಿ ಸಮಾಧಾನ ಮಾಡ್ರಿ" ಎಂದ.

"ನಾ ಹೋದ್ರೇನು ಬಂತು? ನನ್ನ ನೋಡಿ ಕಲಿತಿಲ್ಲ ಅದು. ನೀ ಹೋಗು. ಆಕಿ ಎದುರು ಕುಂತು ಆಡು."

ಏಳು ವರ್ಷದ ಹುಡುಗಿ, ಎಂಟು ಮಣ್ಣಿನ ಕಾಲಾಳು. ಯಾರಿಗಾದರೂ ಹೇಳಿದರೆ ನಕ್ಕಾರು. ಚನ್ನವೀರನಿಗೆ ಮಾತ್ರ ಹೊಳೆಗೆ ಧುಮುಕು ಎಂದು ಹೇಳಿದ್ದರೂ ಇಷ್ಟು ಅಂಜಿಕೆ ಆಗುತ್ತಿರಲಿಲ್ಲ.

"ಬೇಕಂತ ಸೋತುಬಿಡ್ಲೇನು, ಅಜ್ಜ? ಕೂಸಿಗೆ ಖುಷಿ ಆಗ್ತೈತಿ."

"ಕೂಸಿಗೆ ಕಣ್ಣಿಲ್ಲಂತ ತಿಳದೀಯೇನು?"

"ಮತ್ತ ಗೆದ್ರ?"

"ಗೆದ್ರ ಗೆಲ್ಲು."

"ಸೋತ್ರ?"

"ಸೋತ್ರ ಸೋಲು."

"ಆಡದಿದ್ರ?" ಎಂದ ಚನ್ನವೀರ.

"ಆ ಕೂಸು ಹೊಸ್ತಿಲದಾಗ ಬೆಳದು ದೊಡ್ಡದಾಗ್ತೈತಿ" ಎಂದ ಅಜ್ಜ. "ನಿನ್ನಂಗ."

ಹಾಸನ್ನು ಹೆಗಲಿಗೆ ಹಾಕಿಕೊಂಡು ಅಜ್ಜನೇ ಮುಂದೆ ನಡೆದ. ಹಿಂದೆ ಚನ್ನವೀರ. ಅವನ ಹಿಂದೆ ಒಂಬತ್ತು ಮಕ್ಕಳು. ಇವರೆಲ್ಲ ಬರುವುದು ಬೇಡ ಎಂದು ಹೇಳುವ ಧೈರ್ಯವೂ ಅವನಿಗೆ ಬರಲಿಲ್ಲ.

ಕಾಶವ್ವ ಬಾಗಿಲ ಒಳಗೆ ನಿಂತಿದ್ದಳು. ಹೊಸ್ತಿಲಿಗೆ ಕಾಲಿನ ಹೆಬ್ಬೆರಳು ತಾಗಿತ್ತು. ಮುಖ ಬಾಡಿತ್ತು.

ಅಜ್ಜ ಹೊಸ್ತಿಲ ಹೊರಗೆ ಹಾಸು ಹಾಸಿದ. ಕಾಲಾಳು ಜೋಡಿಸಿದ. ಚನ್ನವೀರ ಹೊರಗೆ ಕೂತ.

"ಕಾಶವ್ವ, ಒಂದ ಆಟ ಆಡೂಣೇನು?"

ಹುಡುಗಿ ಅಜ್ಜನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಒಳಗೇ ಕೂತು, ಕೈ ಮಾತ್ರ ಹೊರಗೆ ಚಾಚಿದಳು. ಕರಿ ಕಾಲಾಳು ಅವಳವು.

ಆಟ ಶುರುವಾಯಿತು. ಒಂದೊಂದು ನಡೆಗೂ ಇಬ್ಬರೂ ಒಂದೊಂದು ಯುಗ ತೆಗೆದುಕೊಂಡರು. ಫಕೀರವ್ವ ಒಳಗೆ ಹೋಗಿ ಒಲೆ ಹಚ್ಚಿ, ನಾಲ್ಕು ರೊಟ್ಟಿ ತಟ್ಟಿ ಬಂದಳು. ಅಷ್ಟರಲ್ಲಿ ಆರು ನಡೆ ಆಗಿದ್ದವು.

ಗೆಲ್ಲುತ್ತೇನೆ ಎಂದೇ ಚನ್ನವೀರ ತಿಳಿದಿದ್ದ. ಕೆಲವು ಕಾಯಿ ಹೊಡೆದ, ಕೆಲವು ಕಳೆದುಕೊಂಡ. ಒಂದು ಕಾಲಾಳನ್ನು ಮಾತ್ರ, ಏನಾದರೂ ಆದೀತು ಎಂದು ಅಂಜಿ, ಹೊರಟ ಮನೆಯಲ್ಲೇ ಉಳಿಸಿಕೊಂಡಿದ್ದ. ಉಳಿದ ಕಾಲಾಳುಗಳು ಒಂದೊಂದಾಗಿ ಎದುರಾಳಿಯ ಹಣೆಗೆ ಹಣೆ ಹಚ್ಚಿ ನಿಂತವು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ.

ಆಗ ಅವನಿಗೆ ಕಂಡಿತು.

ಪಾಳಿ ತನ್ನದು. ನಡೆಯಬಲ್ಲ ಕಾಯಿ ಒಂದೇ, ಮನೆಯಲ್ಲಿ ಬಚ್ಚಿಟ್ಟದ್ದು. ಅದು ಒಂದು ಹೆಜ್ಜೆ ಇಟ್ಟರೆ ಕಾಶವ್ವನ ಕಾಲಾಳು ಓರೆಗೆ ಹೊಡೆಯುತ್ತದೆ. ಹೊಡೆದ ಮೇಲೆ ಅವಳಿಗೆ ದಂಡೆ ಎರಡೇ ಹೆಜ್ಜೆ. ತನಗೂ ಒಂದು ದಾರಿ ತೆರೆಯುತ್ತದೆ, ಆದರೆ ಐದು ಹೆಜ್ಜೆ.

ಹತ್ತೂರಿನ ಆಟಗಾರ ಕಾಲಾಳಿನ ಆಟವನ್ನು ಒಂದು ಸಲವೂ ಆಡಿ ನೋಡಿರಲಿಲ್ಲ. ಹುಡುಗಿ ವಾರವಿಡೀ ಅದನ್ನೇ ನೋಡಿದ್ದಳು.

ಅವನು ಕಾಲಾಳನ್ನು ಒಂದು ಮನೆ ಸರಿಸಿದ. ಬೆರಳು ಅದರ ಮೇಲೇ ಉಳಿಯಿತು.

ಯೋಚಿಸುವುದಕ್ಕೇನೂ ಇರಲಿಲ್ಲ. ತಿದ್ದಿಕೊಳ್ಳಲು ಬೇರೆ ನಡೆಯೂ ಇರಲಿಲ್ಲ. ಆದರೂ ಬೆರಳು ಏಳಲಿಲ್ಲ. ಹಿಂದೆ ಒಂಬತ್ತು ಮಕ್ಕಳ ಉಸಿರು ಕೇಳುತ್ತಿತ್ತು. ಈಗ ಇವರೆಲ್ಲ ಮುಖ ತಿರುಗಿಸುತ್ತಾರೆ, ಅಜ್ಜನೂ ತಿರುಗಿಸುತ್ತಾನೆ ಎನಿಸಿತು. ಎದ್ದು ಓಡಿಬಿಡಬೇಕು ಎನಿಸಿತು. ಓಡುವುದಕ್ಕೂ ಬೆರಳು ಎತ್ತಬೇಕಲ್ಲ!

ಒಲೆಯ ಹೊಗೆ ಬಾಗಿಲಿಂದ ಬಂದು ಹೋಯಿತು.

ಕಾಶವ್ವ ಅವನ ಮುಖ ನೋಡಿದಳು. ಕೈ ನೋಡಿದಳು. ಹೊಸ್ತಿಲ ಮೇಲಿಂದ ಬಾಗಿ, ಉಳಿದವರಿಗೆ ಕೇಳಬಾರದೆಂದು ಸಣ್ಣ ದನಿ ಮಾಡಿದಳು.

"ಅಣ್ಣಾ, ಒಂದಕ್ಕ ಹೋಗೂದಿದ್ರ ಹೋಗಿ ಬಾ. ನಾ ಹಿಡಕೊಂಡಿರ್ತೀನಿ."

ತನ್ನ ಪುಟ್ಟ ಬೆರಳನ್ನು ಅವನ ಬೆರಳಿನ ಪಕ್ಕ ಕೆಂಪು ಕಾಲಾಳಿನ ಮೇಲಿಟ್ಟಳು.

ಚನ್ನವೀರನಿಗೆ ನಗು ಬಂತು. ನಗುವಿನ ಜೊತೆ ಕಣ್ಣೀರೂ ಬಂತು. ಆಟ ಕಲಿತ ಇಪ್ಪತ್ತು ವರ್ಷದಲ್ಲಿ ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ.

"ಬ್ಯಾಡವಾ" ಎಂದ.

ಬೆರಳು ಎತ್ತಿದ.

ಹುಡುಗಿ ಸ್ವಲ್ಪ ಹೊತ್ತು ಅವನ ಎತ್ತಿದ ಬೆರಳನ್ನೇ ನೋಡಿದಳು. ಅದಕ್ಕೇನೂ ಆಗಿರಲಿಲ್ಲ. ಆಮೇಲೆ ತನ್ನ ಕಾಲಾಳನ್ನು ಓರೆಗೆ ಸರಿಸಿ ಅವನ ಕಾಯಿ ಹೊಡೆದಳು. ಬೆರಳು ಎತ್ತಿದಳು. ಅವನೊಂದು ಹೆಜ್ಜೆ, ಅವಳೊಂದು ಹೆಜ್ಜೆ. ಅವನು ಮತ್ತೊಂದು. ಅವಳು ದಂಡೆ ಮುಟ್ಟಿದಳು.

ಮಕ್ಕಳು ಹೋ ಎಂದು ಕೂಗಿದರು. ವಾರದ ಮೇಲೆ ಮೊದಲ ಸಲ ಕೂಗಿದ್ದು.

ಚನ್ನವೀರ ತಲೆ ತಗ್ಗಿಸಿ ಕಾದ. ಅಪ್ಪನ ಆ ಮೌನ ಎಲ್ಲಿಂದಾದರೂ ಬಂದೇ ಬರುತ್ತದೆ ಎಂದು ಕಾದ.

"ಅಣ್ಣಾ, ಇನ್ನೊಂದ ಆಟ" ಎಂದಳು ಕಾಶವ್ವ.

ಅವನು ಕಾಲಾಳು ಜೋಡಿಸತೊಡಗಿದ. ಏಳು ನಿಂತವು. ಎಂಟನೆಯದನ್ನು ಎಲ್ಲಿಡಬೇಕೋ ತಿಳಿಯದೆ ಹಿಡಿದುಕೊಂಡು ಕೂತ.

"ಹಂಗಲ್ಲ, ಸಾಲು ತಪ್ಪೈತಿ" ಎಂದು ಹುಡುಗಿ ಹೊಸ್ತಿಲು ದಾಟಿ ಹೊರಗೆ ಬಂದು, ಅವನ ಪಕ್ಕ ಕೂತು, ಸಾಲು ಸರಿ ಮಾಡಿದಳು. ಫಕೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೊದಲ ನಡೆ ಚನ್ನವೀರನದು. ಕಾಲಾಳು ಸರಿಸಿದ. ಬೆರಳು ಮತ್ತೆ ಅದರ ಮೇಲೆ ನಿಂತುಬಿಟ್ಟಿತು. ಅವನು ಅಜ್ಜನ ಕಡೆ ತಿರುಗಿದ.

"ಅಜ್ಜ, ಅಂಜಿಕಿ ಹೋಗಿಲ್ಲ. ಇನ್ನೂ ಇಲ್ಲೇ ಐತಿ."

"ಇದ್ರ ಇರಲಿ ಬಿಡು" ಎಂದ ಅಜ್ಜ. "ಪಾಳಿ ಅದರದ್ದಲ್ಲ, ನಿಂದು."