ಹಳೆಯ ಪವರ್ ಸಪ್ಲೈ ಮತ್ತು ಹೊಸ ಕಾರ್ಡ್

ಫೋಟೊ ಸ್ಟುಡಿಯೊ ಒಂದರ ಕಂಪ್ಯೂಟರಿನೊಳಗೆ ಎಲ್ಲರಿಗೂ ಕರೆಂಟು ಹಂಚುವ ಹಳೆಯ ಪವರ್ ಸಪ್ಲೈ ಇತ್ತು. ಒಂದು ದಿನ ಸ್ಟುಡಿಯೊದ ಒಡತಿ ಫಿಲೋಮಿನಾ ಚಿತ್ರಗಳನ್ನು ಚುರುಕಾಗಿ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ತಂದು ಕೂರಿಸಿದಳು.

"ಹಿರಿಯರೇ, ನನ್ನ ಹಸಿವು ದೊಡ್ಡದು. ನಿಮ್ಮಿಂದ ಆದೀತೇ?" ಎಂದು ಕಾರ್ಡ್ ಕೇಳಿತು.

"ಇಷ್ಟು ವರ್ಷ ಎಲ್ಲರನ್ನೂ ಸಾಕಿದವನಿಗೆ ನೀನೊಬ್ಬ ಹೆಚ್ಚೇ?" ಎಂದಿತು ಪವರ್ ಸಪ್ಲೈ. ಒಳಗೊಳಗೇ ಅದಕ್ಕೆ, ಆಗದು ಎಂದರೆ ತನ್ನನ್ನು ಕಿತ್ತು ಗುಜರಿಗೆ ಹಾಕಿಯಾರೆಂಬ ಭಯ.

ಫಿಲೋಮಿನಾ ಗುಂಡಿ ಒತ್ತಿದಳು. ಫ್ಯಾನು ಅರೆಗಳಿಗೆ ತಿರುಗಿ ನಿಂತುಹೋಯಿತು, ಪರದೆ ಬೆಳಗಲಿಲ್ಲ. ಮೆಮೊರಿಯದೇ ದೋಷವೆಂದು ಅವಳು ಅದನ್ನು ಕಿತ್ತು, ಒರೆಸಿ, ಮತ್ತೆ ಹಾಕಿದಳು. ಆಗಲೂ ಅಷ್ಟೇ.

"ಅಣ್ಣಾ, ತಪ್ಪಿಲ್ಲದವರ ಮೇಲೆ ಅನುಮಾನ ಬರುತ್ತಿದೆ," ಎಂದಿತು ಎಲ್ಲರನ್ನೂ ಜೋಡಿಸಿ ಹಿಡಿದಿದ್ದ ಮದರ್‌ಬೋರ್ಡ್. "ಭಾರವಾದರೆ ಹೇಳಿಬಿಡು. ನಾನು ಬೀಪ್ ಎಂದು ಕೂಗುತ್ತೇನೆ. ಅವಳು ಕಾರ್ಡ್ ತೆಗೆದರೆ ಎಲ್ಲರೂ ಉಳಿಯುತ್ತೇವೆ."

"ಕೂಗಬೇಡ. ಇನ್ನೊಂದು ಸಲ ನೋಡೋಣ."

ಫಿಲೋಮಿನಾ ಮತ್ತೆ ಗುಂಡಿ ಒತ್ತಿದಳು. ಪವರ್ ಸಪ್ಲೈ ತನ್ನ ಶಕ್ತಿಯನ್ನೆಲ್ಲ ಒಗ್ಗೂಡಿಸಿ ಒಂದೇ ಸಲಕ್ಕೆ ನೂಕಿತು. ಚಟ್ ಎಂದು ಸದ್ದಾಗಿ ಪೆಟ್ಟಿಗೆಯ ತುಂಬ ಸುಟ್ಟ ವಾಸನೆ ಹರಡಿತು.

"ತಮ್ಮಾ," ಎಂದು ಅದು ಮದರ್‌ಬೋರ್ಡನ್ನು ಕರೆಯಿತು. ಉತ್ತರ ಬರಲಿಲ್ಲ. ಮೆಮೊರಿಯನ್ನು ಕರೆಯಿತು, ಫೋಟೊಗಳನ್ನೆಲ್ಲ ಕಾಯುತ್ತಿದ್ದ ಹಾರ್ಡ್ ಡಿಸ್ಕನ್ನು ಕರೆಯಿತು. ಎಲ್ಲರೂ ಸುಟ್ಟುಹೋಗಿದ್ದರು.

ಫಿಲೋಮಿನಾ ತಲೆಯ ಮೇಲೆ ಕೈಹೊತ್ತು ಕುಳಿತಳು.

"ಮಂದಿಯ ಮದುವೆ ಫೋಟೊಗಳೆಲ್ಲ ಇದರಲ್ಲೇ ಇದ್ದವು. ಅವರಿಗೆ ಏನಂತ ಹೇಳಲಿ?"

ಅರೆಜೀವವಾಗಿದ್ದ ಪವರ್ ಸಪ್ಲೈ ಒಂದೇ ಅದನ್ನು ಕೇಳಿಸಿಕೊಂಡಿತು.