ಮಾವ, ಅಳಿಯ ಮತ್ತು ಲಂಗರು

“ಅಯ್ಯನವರೇ, ಭಯದಿಂದ ನಡುಗುವ ಬಾಯಿ ‘ನಾನು ಹೆದರುವುದಿಲ್ಲ’ ಎಂದು ಓದಿದರೆ ಅದು ಪ್ರಾರ್ಥನೆಯೋ, ಸುಳ್ಳೋ?”

ಇದನ್ನು ಕೇಳಿದವನು ಫಿಲೆಮೋನ. ಚರ್ಚಿನ ಉಪದೇಶಿ ಎಜ್ರಯ್ಯನವರ ಬಳಿ ವೇದಪಾಠ ಕಲಿಯುತ್ತಿದ್ದವನು. ಅವನ ಹೆಂಡತಿ ಸುಕೃತ ಆಸ್ಪತ್ರೆಯಲ್ಲಿದ್ದಳು. ಮರುದಿನ ಬೆಳಿಗ್ಗೆ ಅವಳ ಎದೆಯ ಶಸ್ತ್ರಚಿಕಿತ್ಸೆ. ಅಲ್ಲಿ ಸೇರಿದಂದಿನಿಂದ ಅವಳು ಪ್ರತಿ ಮುಂಜಾನೆ ಗಂಡನಿಂದ ದಾವೀದನ ಕುರುಬನ ಕೀರ್ತನೆಯನ್ನು ಓದಿಸಿಕೊಳ್ಳುತ್ತಿದ್ದಳು. ಅದರಲ್ಲಿ ಹಸಿರುಗಾವಲಿನ ಮಾತು ಬರುವ ತನಕ ಫಿಲೆಮೋನ ಚೆನ್ನಾಗಿಯೇ ಓದುತ್ತಿದ್ದ. ಕಾರ್ಗತ್ತಲ ಕಣಿವೆಯಲ್ಲೂ ಕೇಡಿಗೆ ಹೆದರೆನು ಎಂಬ ವಚನ ಬಂದೊಡನೆ ಬೇಗ ಬೇಗ ಓದಿ ಮುಗಿಸಿಬಿಡುತ್ತಿದ್ದ.

“ನಾಳೆ ನನ್ನ ಬದಲು ಬೇರೆ ಯಾರನ್ನಾದರೂ ಕಳಿಸಿ” ಎಂದ. “ಧೈರ್ಯ ಇರುವವರನ್ನು. ನಾನು ಓದಿದರೆ ಅವಳಿಗೆ ವಾಕ್ಯ ಕೇಳಿಸುವುದಿಲ್ಲ, ನನ್ನ ನಡುಕ ಕೇಳಿಸುತ್ತದೆ.”

“ಅವಳು ಹಾಗೆ ಹೇಳಿದಳೇ?”

“ಇಲ್ಲ. ‘ಕಣಿವೆಯ ಹತ್ತಿರ ಬಂದ ಕೂಡಲೇ ಯಾಕೆ ಓಡುತ್ತೀರಿ, ಬಸ್ಸು ತಪ್ಪುತ್ತದೆಯಾ? ಅಲ್ಲೇ ನಿಧಾನವಾಗಿ ಓದಿ’ ಅನ್ನುತ್ತಾಳೆ.”

ಎಜ್ರಯ್ಯನವರು ಸ್ವಲ್ಪ ನಕ್ಕರು. ಆಮೇಲೆ ಕೇಳಿದರು: “ಕೇಡಿಗೆ ಹೆದರದೆ ಇರುವುದಕ್ಕೆ ದಾವೀದನು ಅಲ್ಲಿ ಕೊಟ್ಟ ಕಾರಣವೇನು?”

“ಕರ್ತನು ಹತ್ತಿರ ಇದ್ದಾನೆ ಅಂತ.”

“ಬೇರೆ ಕಾರಣ ಕೊಟ್ಟಿದ್ದಾನೆಯೇ?”

ಫಿಲೆಮೋನ ಮನಸ್ಸಿನಲ್ಲೇ ವಚನವನ್ನು ಓದಿಕೊಂಡ. “ಇಲ್ಲ” ಎಂದ. ಅದರಿಂದ ಅವನಿಗೇನೂ ಸಮಾಧಾನವಾದಂತೆ ಕಾಣಲಿಲ್ಲ.

ಆಗ ಎಜ್ರಯ್ಯನವರು ಕತೆ ಹೇಳಿದರು.

ಒಬ್ಬ ಮೀನುಗಾರನೂ ಅವನ ಅಳಿಯನೂ ಸಣ್ಣ ದೋಣಿಯಲ್ಲಿ ಕಡಲಿಗೆ ಹೋಗಿದ್ದರು. ಹಿಂದಿರುಗುವಾಗ ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ದಡಕ್ಕಿಂತ ಮುಂಚೆ ಸಾಲುಬಂಡೆಗಳಿದ್ದವು. ಗಾಳಿ ದೋಣಿಯನ್ನು ನೇರ ಅವುಗಳ ಕಡೆಗೆ ತಳ್ಳತೊಡಗಿತು. ಇಬ್ಬರೂ ಹುಟ್ಟು ಹಾಕಿದರು. ಅಳಿಯನ ಕೈಯ ಹುಟ್ಟು ಮುರಿಯಿತು. ಮಾವ ಲಂಗರು ಇಳಿಬಿಟ್ಟ.

ಲಂಗರು ಇಳಿದ ಮೇಲೆ ದೋಣಿಯ ಕುಣಿತ ಇನ್ನೂ ಹೆಚ್ಚಾಯಿತು. ಅದುವರೆಗೆ ಅಲೆಯ ಜೊತೆ ಹೋಗುತ್ತಿದ್ದ ದೋಣಿಯನ್ನು ಈಗ ಹಗ್ಗ ಜಗ್ಗಿ ನಿಲ್ಲಿಸುತ್ತಿತ್ತು. ಬಂದ ಪ್ರತಿಯೊಂದು ಅಲೆಯೂ ದೋಣಿಯ ಮುಂದಿನ ಮೂತಿಯ ಮೇಲಿಂದ ಒಳಗೆ ಸುರಿಯಿತು. ಅಳಿಯ ಮೀನು ಕೊಯ್ಯುವ ಕತ್ತಿಯನ್ನು ತೆಗೆದುಕೊಂಡ.

“ಮಾವ, ಹಗ್ಗ ಕಡಿಯುತ್ತೇನೆ. ಕಟ್ಟಿಹಾಕಿದ ಹೋರಿಯ ಹಾಗೆ ಎಗರುತ್ತಿದೆ. ಬಿಟ್ಟರೆ ಹಗುರಾಗಿ ಹೋಗುತ್ತದೆ.”

“ಹೋಗುತ್ತದೆ. ಎಲ್ಲಿಗೆ ಅಂತ ಹಿಂದೆ ತಿರುಗಿ ನೋಡಿ ಹೇಳು.”

ಅಳಿಯ ತಿರುಗಿ ನೋಡಿದ. ಬಂಡೆಗಳ ಮೇಲೆ ನೊರೆ ಹಾರುತ್ತಿತ್ತು.  ಆದರೂ ಕತ್ತಿಯನ್ನು ಕೆಳಗಿಡಲಿಲ್ಲ.

“ನಿಮಗೇನು, ಭಯ ಅನ್ನುವುದೇ ಇಲ್ಲ” ಎಂದ.

“ಬಾಯಿ ಒಣಗಿ ಎಂಜಲು ನುಂಗಲಾಗುತ್ತಿಲ್ಲ. ನಿನ್ನ ಅತ್ತೆಗೆ ಹೇಳಬೇಡ, ಸಾಯುವ ತನಕ ಆಡಿಕೊಳ್ಳುತ್ತಾಳೆ. ಈಗ ಎಡಗಡೆ ನೋಡು. ದಡದಲ್ಲಿ ಒಂಟಿ ತಾಳೆಮರ ಕಾಣುತ್ತದಾ? ಅದರ ಹಿಂದೆ ಗುಡ್ಡದ ಮೇಲೆ ಬೋಳು ಬಂಡೆ?”

“ಕಾಣುತ್ತದೆ.”

“ಮರ ಬಂಡೆಯ ನೇರಕ್ಕೆ ಇದ್ದರೆ ನಾವು ನಿಂತಲ್ಲೇ ಇದ್ದೇವೆ. ಮರ ಬಂಡೆಯನ್ನು ಬಿಟ್ಟು ಸರಿದರೆ ನಾವು ಜಾರುತ್ತಿದ್ದೇವೆ. ಅಲೆ ನೋಡಬೇಡ, ಅದು ಏನೂ ಹೇಳುವುದಿಲ್ಲ. ಅವೆರಡನ್ನೇ ನೋಡುತ್ತಾ ನೀರು ಮೊಗೆ.”

ಆ ಕಡಲತೀರದವರ ಪದ್ಧತಿ ಅದು. ನೀರಿನಲ್ಲಿ ಗುರುತು ನಿಲ್ಲುವುದಿಲ್ಲವಾದ್ದರಿಂದ ಅವರು ನೆಲದ ಮೇಲೆ ಎರಡು ಗುರುತುಗಳನ್ನು ಹಿಡಿಯುತ್ತಾರೆ, ಒಂದು ಹತ್ತಿರದ್ದು, ಒಂದು ದೂರದ್ದು. ಅಳಿಯ ಮೊಗೆದ. ದೋಣಿ ಅಲೆಯಲ್ಲಿ ಇಳಿದಾಗ ಮರ ಮರೆಯಾಗುತ್ತಿತ್ತು. ಏರಿದಾಗ ಬಂಡೆಯ ನೇರಕ್ಕೇ ಕಾಣುತ್ತಿತ್ತು. ಅವನು ನೋಡಿದ, ಮೊಗೆದ, ನೋಡಿದ.

ಒಮ್ಮೆ ದೋಣಿ ಏರಿದಾಗ ಮರ ನೇರದಲ್ಲಿರಲಿಲ್ಲ.

“ಮಾವ, ಸರಿಯಿತು.”

ಮಾವ ಹಗ್ಗದ ಮೇಲೆ ಅಂಗೈ ಇಟ್ಟ. ಹಗ್ಗ ಒಳಗಿಂದ ನಡುಗುತ್ತಿತ್ತು. ಲಂಗರು ಮರಳಿನ ಮೇಲೆ ಜಾರಿಕೊಂಡು ಬರುತ್ತಿದೆ ಎಂದು ಅವನಿಗೆ ತಿಳಿಯಿತು. ಅವನು ಹಗ್ಗವನ್ನು ಒಳಕ್ಕೆ ಸೆಳೆಯಲಿಲ್ಲ. ಸುತ್ತಿಟ್ಟಿದ್ದ ಹಗ್ಗವನ್ನು ಬಿಚ್ಚಿ ಹೊರಗೆ ಬಿಡತೊಡಗಿದ. ದೋಣಿ ಬಂಡೆಗಳ ಕಡೆಗೆ ಸರಿಯಿತು.

ಅಳಿಯ ಅವನ ರಟ್ಟೆ ಹಿಡಿದ. “ಏನು ಮಾಡುತ್ತಿದ್ದೀರಿ? ಅಲ್ಲಿಗೇ ಕಳಿಸುತ್ತಿದ್ದೀರಲ್ಲ.”

“ಹಗ್ಗ ಗಿಡ್ಡವಾದರೆ ಅಲೆ ಎತ್ತಿದಾಗಲೆಲ್ಲ ಲಂಗರೂ ಎದ್ದುಬಿಡುತ್ತದೆ. ಉದ್ದ ಬಿಟ್ಟರೆ ಮರಳನ್ನು ಕಚ್ಚಿ ಹಿಡಿಯುತ್ತದೆ.”

“ಕಚ್ಚದಿದ್ದರೆ?”

“ಕಚ್ಚದಿದ್ದರೆ ನಿನ್ನ ಕತ್ತಿಗೂ ಕೆಲಸವಿಲ್ಲ. ಕೈ ಬಿಡು.”

ಅಳಿಯ ಕೈ ಬಿಟ್ಟ. ಮಾವ ಇದ್ದ ಹಗ್ಗವನ್ನೆಲ್ಲ ಬಿಟ್ಟ. ಬಂಡೆಗೆ ಅಲೆ ಬಡಿದು ಸಿಡಿದ ಹನಿ ಈಗ ಅವರ ಬೆನ್ನಿಗೆ ತಾಗುತ್ತಿತ್ತು. ಹಗ್ಗದ ತುದಿ ಮಾತ್ರ ದೋಣಿಯಲ್ಲಿ ಉಳಿಯಿತು. ಅದು ಒಮ್ಮೆ ಬಿಗಿಯಿತು, ಸಡಿಲವಾಯಿತು, ಮತ್ತೆ ಬಿಗಿದು ಹಾಗೇ ನಿಂತಿತು. ಮಾವ ಅಳಿಯನ ಕೈಯನ್ನು ಎಳೆದು ಹಗ್ಗದ ಮೇಲೆ ಇಡಿಸಿದ.

“ನಡುಗುತ್ತಿದೆಯಾ?”

“ನಡುಗುತ್ತಿದೆ.”

“ಅದು ನಿನ್ನ ಕೈ. ಹಗ್ಗದ ಮಾತು ಹೇಳು.”

ಅಳಿಯ ಕಣ್ಣು ಮುಚ್ಚಿ ಹಗ್ಗವನ್ನು ಅಮುಕಿ ಹಿಡಿದ. “ಹಗ್ಗ ನಡುಗುತ್ತಿಲ್ಲ” ಎಂದ.

ಗಾಳಿ ನಿಲ್ಲಲಿಲ್ಲ. ಅಲೆ ಇಳಿಯಲಿಲ್ಲ. ಅಳಿಯ ಒಂದು ಕೈಯಲ್ಲಿ ನೀರು ಮೊಗೆಯುತ್ತ, ಆಗಾಗ ಇನ್ನೊಂದು ಕೈಯಿಂದ ಹಗ್ಗವನ್ನು ಮುಟ್ಟಿ ನೋಡುತ್ತ ಕುಳಿತ. ಕತ್ತಿ ಯಾವಾಗಲೋ ನೀರಿಗೆ ಬಿದ್ದಿತ್ತು. ಅದನ್ನು ಅವನು ಗಮನಿಸಿರಲಿಲ್ಲ. ಸಂಜೆಯಾಗುವಾಗ ಗಾಳಿ ದಿಕ್ಕು ಬದಲಿಸಿತು. ಇಬ್ಬರೂ ಸೇರಿ ಲಂಗರು ಎತ್ತಿದರು. ಉಳಿದ ಒಂದು ಹುಟ್ಟಿನಿಂದ ಬಂಡೆಗಳನ್ನು ಸುತ್ತಿಹೋಗಿ ದಡಕ್ಕೆ ಬಂದರು.

ಎಜ್ರಯ್ಯನವರು ಅಲ್ಲಿಗೆ ನಿಲ್ಲಿಸಿದರು.

 ಫಿಲೆಮೋನನಿಗೆ ಬೇಕಾಗಿದ್ದ ಮಾತು ಕತೆಯಲ್ಲಿ ಬಂದಿರಲಿಲ್ಲ. ಬೆಳಗಾದರೆ ಆಸ್ಪತ್ರೆಯಲ್ಲಿ ಸುಕೃತ ಕಾಯುತ್ತಿರುತ್ತಾಳೆ. ಅವಳ ಪಕ್ಕದಲ್ಲಿ ಕುಳಿತು ಆ ವಚನವನ್ನು ಯಾವ ಬಾಯಿಂದ ಓದಬೇಕು ಎಂಬುದು ಅವನಿಗೆ ಇನ್ನೂ ತಿಳಿದಿರಲಿಲ್ಲ.

“ಅಯ್ಯನವರೇ, ಲಂಗರು ಕಚ್ಚಿದ್ದು ಅಳಿಯನ ಕೈಗೇ ಗೊತ್ತಾಯಿತಲ್ಲ. ಆಗಲಾದರೂ ಅವನ ಭಯ ಹೋಯಿತೇ?”

ಎಜ್ರಯ್ಯನವರು ಹೇಳಿದರು: “ದಡ ಮುಟ್ಟಿದ ಮೇಲೆ ಹೋಯಿತು, ಮಗನೇ; ಅಲ್ಲಿಯವರೆಗೂ ಲಂಗರು ಅವನಿಂದ ಧೈರ್ಯವನ್ನು ಕೇಳಲಿಲ್ಲ.”

“ಹಾಗಾದರೆ ನಾಳೆ ಬೇರೆ ಯಾರನ್ನೂ ಕಳಿಸಬೇಡಿ” ಎಂದು ಫಿಲೆಮೋನ ಎದ್ದ.